ನಿಮ್ಮ ಬೀದೀಲೇ ಡಾಕ್ಟರ್ ಜೊತೆ ಕೂತು ಹಾರ್ಟ್ ಬಗ್ಗೆ ಮಾತಾಡೋದು ಹೇಗೆ

2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದಾದ ಮೇಲೆ ಒಂದು ಹಾರ್ಟ್ ಅಟ್ಯಾಕ್ ಸುದ್ದಿ ಬರ್ತಿದ್ದಾಗ ಜನ ಎಷ್ಟು ಹೆದರಿದ್ರು ಅಂತ ಎಲ್ರಿಗೂ ನೆನಪಿದೆ, ಬೆಂಗಳೂರು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಚೆಕಪ್‌ಗೆ ಅಂತ ದೊಡ್ಡ ದೊಡ್ಡ ಕ್ಯೂ ನಿಂತಿತ್ತು. ಅಂಥ ಭಯ ಬಂದಾಗೆಲ್ಲಾ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನು, ಯುವಕ ಸಂಘ, ಗಣಪತಿ ಕಮಿಟಿಯವ್ರು ಯಾರಾದ್ರೂ ಡಾಕ್ಟರನ್ನ ಕರೆಸಿ ಮಾತಾಡಿಸ್ತಾರೆ. ಒಳ್ಳೇ ಕೆಲಸಾನೇ. ಆದ್ರೆ ಬಹಳ ಕಡೆ ನಡೆಯೋದು ಸ್ಟೇಜು, ಶಾಲು, ಹಾರ, ಮೈಕು, ಮುಕ್ಕಾಲು ಗಂಟೆ ಸ್ಲೈಡು, ಕೊನೇಲಿ ಎರಡು ಪ್ರಶ್ನೆ, ವಂದನಾರ್ಪಣೆ. ಎದ್ದು ಮನೆಗೆ ಹೋದೋರಲ್ಲಿ ಹೆಚ್ಚಿನವ್ರಿಗೆ ಅವರ ಬಿಪಿ ಎಷ್ಟು ಅಂತ ಆಗ್ಲೂ ಗೊತ್ತಿರಲ್ಲ. ಅದಕ್ಕೆ ಬದಲು ಹದಿನೈದು ಇಪ್ಪತ್ತು ಜನ ಸುತ್ತ ಕೂತು, ಡಾಕ್ಟರೂ ಅವರ ಜೊತೇಲೇ ಕೂತು, ಬಿಪಿ ನೋಡಿ, ಒಂದೇ ವಿಷಯ ಪೂರ್ತಿ ಮಾತಾಡಿ, ಮುಂದಿನ ತಿಂಗಳು ಮತ್ತೆ ಸೇರೋದು ಹೇಗೆ ಅಂತ ಇಲ್ಲಿ ಹೇಳ್ತೀನಿ.

ಇದೇನು ಹೊಸದಲ್ಲ, ಪ್ರಪಂಚದಲ್ಲಿ ಹಾರ್ಟ್ ಕಾಯಿಲೆ ನಿಜವಾಗ್ಲೂ ಕಮ್ಮಿ ಮಾಡಿದ ಜಾಗಗಳಲ್ಲಿ ಹೀಗೇ ಆಗಿದೆ. ಫಿನ್‌ಲೆಂಡಿನ ಉತ್ತರ ಕರೇಲಿಯಾ ಅನ್ನೋ ಪ್ರಾಂತ್ಯದಲ್ಲಿ 1970ರ ಸುಮಾರಿಗೆ ಗಂಡಸರು ಹಾರ್ಟ್ ಅಟ್ಯಾಕ್‌ನಿಂದ ಸಾಯ್ತಿದ್ದ ಪ್ರಮಾಣ ಇಡೀ ಪ್ರಪಂಚದಲ್ಲೇ ಮೇಲಿನ ಸಾಲಲ್ಲಿತ್ತು, ಬೆಣ್ಣೆ, ಉಪ್ಪು, ಸಿಗರೇಟು ಮೂರೂ ಜಾಸ್ತಿ. ಅಲ್ಲಿನ ಜನರೇ ಸರ್ಕಾರಕ್ಕೆ ಅರ್ಜಿ ಕೊಟ್ರು, 1972ರಲ್ಲಿ ಕೆಲಸ ಶುರುವಾಯ್ತು, ಮುಂದೆ ನಿಂತಿದ್ದು ಪೆಕ್ಕಾ ಪುಸ್ಕಾ ಅನ್ನೋ ಇನ್ನೂ ಮೂವತ್ತು ದಾಟದ ಡಾಕ್ಟರು. ಅವ್ರು ಆಸ್ಪತ್ರೆ ಕಟ್ಟೋಕೆ ಹೋಗ್ಲಿಲ್ಲ. ಮಾರ್ತಾ ಅಂತ ಒಂದು ಗೃಹಿಣಿಯರ ಸಂಘ ಇತ್ತು, ಆ ಹೆಂಗಸರ ಜೊತೆ ಸೇರಿ ಹಳ್ಳಿ ಹಳ್ಳೀಲಿ ಅಡುಗೆ ಕೂಟ ಮಾಡಿದ್ರು, ಅಲ್ಲೇ ಬೇಯಿಸಿ, ಅಲ್ಲೇ ತಿಂದು, ಅಲ್ಲೇ ಮಾತು. ಮುಂದಿನ ಮೂರ್ನಾಲ್ಕು ದಶಕದಲ್ಲಿ ಅಲ್ಲಿನ ದುಡಿಯೋ ವಯಸ್ಸಿನ ಗಂಡಸರ ಹಾರ್ಟ್ ಸಾವು ನೂರಕ್ಕೆ 80ಕ್ಕಿಂತ ಜಾಸ್ತಿ ಇಳೀತು.

ಮೊದಲು ಜಾಗ ನೋಡ್ಕೊಳ್ಳಿ. ಜನರನ್ನ ಹಾಲ್‌ಗೆ ಕರೀಬೇಡಿ, ಜನ ಹೆಂಗಿದ್ರೂ ಸೇರೋ ಜಾಗಕ್ಕೆ ಡಾಕ್ಟರನ್ನ ಕರ್ಕೊಂಡು ಹೋಗಿ. ಹಳ್ಳಿ ಆದ್ರೆ ಹಾಲಿನ ಡೈರಿ ಮುಂದೆ ಸಂಜೆ ಹಾಲು ಹಾಕಿದ ಮೇಲೆ, ಸ್ತ್ರೀಶಕ್ತಿ ಸಂಘದ ಮೀಟಿಂಗ್ ದಿನ, ಅರಳಿಕಟ್ಟೆ. ಸಿಟಿ ಆದ್ರೆ ಪಾರ್ಕಲ್ಲಿ ವಾಕಿಂಗ್ ಮುಗಿಸಿದೋರ ಗುಂಪು, ಆಟೋ ಸ್ಟ್ಯಾಂಡು, ಅಪಾರ್ಟ್‌ಮೆಂಟಲ್ಲಿ ಮನೆಕೆಲಸದೋರು ಸೆಕ್ಯುರಿಟಿಯೋರು ಊಟಕ್ಕೆ ಕೂರೋ ಜಾಗ. ಈ ಕೊನೆಯೋರನ್ನ ದಯವಿಟ್ಟು ಬಿಡಬೇಡಿ, ಓನರ್‌ಗಳು ಹೆಂಗೋ ವರ್ಷಕ್ಕೊಂದ್ಸಲ ಚೆಕಪ್ ಮಾಡಿಸ್ಕೊತಾರೆ, ನೈಟ್ ಡ್ಯೂಟಿ ಮಾಡೋ ಸೆಕ್ಯುರಿಟಿ ಅಣ್ಣನ ಬಿಪಿ ಯಾರೂ ನೋಡಿರಲ್ಲ.

ಅಮೆರಿಕದ ಲಾಸ್ ಏಂಜಲೀಸಲ್ಲಿ ಇದನ್ನ ಕಟಿಂಗ್ ಶಾಪಲ್ಲಿ ಮಾಡಿದ್ರು. ಅಲ್ಲಿನ ಕಪ್ಪು ಜನಾಂಗದ ಗಂಡಸರಲ್ಲಿ ಬಿಪಿ ಜಾಸ್ತಿ, ಆದ್ರೆ ಡಾಕ್ಟರ್ ಹತ್ರ ಹೋಗೋದು ಕಮ್ಮಿ, ಕಟಿಂಗ್‌ಗೆ ಮಾತ್ರ ತಪ್ಪದೆ ಬರ್ತಾರೆ. 52 ಅಂಗಡಿ, 319 ಜನ. ಅರ್ಧ ಅಂಗಡಿಗಳಿಗೆ ಫಾರ್ಮಸಿಸ್ಟೇ ಬಂದು ಬಿಪಿ ನೋಡಿ, ಅವರವರ ಡಾಕ್ಟರ್ ಒಪ್ಪಿಗೆ ತಗೊಂಡು ಮಾತ್ರೆ ಕೊಟ್ರು, ಇನ್ನರ್ಧ ಕಡೆ ಕಟಿಂಗ್ ಮಾಡೋನು ಡಾಕ್ಟರ್ ಹತ್ರ ಹೋಗು ಅಂತ ಬುದ್ಧಿ ಹೇಳಿದ ಅಷ್ಟೇ. ಆರು ತಿಂಗಳಿಗೆ ಮೊದಲನೇ ಗುಂಪಿನೋರ ಮೇಲಿನ ಬಿಪಿ ಸರಾಸರಿ 27 ಇಳಿದಿತ್ತು, ಎರಡನೇದ್ರಲ್ಲಿ 9. 2018ರಲ್ಲಿ ಬಂದ ಸ್ಟಡಿ ಇದು, ನನಗೆ ಇದ್ರಲ್ಲಿ ಕಾಣೋದು ಏನಂದ್ರೆ ಬರೀ ಬುದ್ಧಿಮಾತಿಗೂ, ತಿಳಿದೋರೇ ಬಂದು ಪಕ್ಕದಲ್ಲಿ ಕೂತು ಕೈಹಿಡಿದು ನಡೆಸೋದಕ್ಕೂ ಅಷ್ಟು ವ್ಯತ್ಯಾಸ ಇದೆ.

ಯಾರನ್ನ ಕರೀಬೇಕು ಅನ್ನೋ ವಿಷಯಕ್ಕೂ ಇದ್ರಲ್ಲೇ ಉತ್ತರ ಇದೆ. ಟಿವಿಲಿ ಬರೋ ದೊಡ್ಡ ಕಾರ್ಡಿಯಾಲಜಿಸ್ಟೇ ಬೇಕು ಅಂತ ಕೂತ್ರೆ ಆರು ತಿಂಗಳು ಡೇಟ್ ಸಿಗಲ್ಲ, ಸಿಕ್ಕಿದ್ರೂ ಒಂದೇ ಸಲ. ನಿಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರು, ತಾಲೂಕು ಆಸ್ಪತ್ರೇಲಿ ಬಿಪಿ ಶುಗರ್ ಥರದ ಕಾಯಿಲೆ ನೋಡೋ ಎನ್‌ಸಿಡಿ ಕ್ಲಿನಿಕ್‌ನ ಸಿಸ್ಟರು, ರಿಟೈರ್ಡ್ ಆಗಿರೋ ಫಿಸಿಶಿಯನ್ನು, ಬಿಪಿ ವಿಷಯಕ್ಕೆ ಇವ್ರೇ ಸಾಕು. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ ಹಳ್ಳಿಗಳಲ್ಲಿ ನಮ್ಮ ಆಶಾ ಅಕ್ಕಂದಿರ ಥರದವ್ರು ಮನೆ ಮನೆಗೆ ಹೋಗಿ ಬಿಪಿ ನೋಡಿ ಮಾತಾಡಿ, ಬೇಕಾದೋರನ್ನ ಡಾಕ್ಟರ್ ಹತ್ರ ಕಳಿಸಿದ್ದಕ್ಕೆ ಬಿಪಿ ಇಳಿದಿದೆ. ಆಶಾ ಅಕ್ಕನ್ನ ಮೊದಲನೇ ದಿನದಿಂದಾನೇ ಜೊತೇಲಿಟ್ಕೊಳ್ಳಿ, ಯಾವ ಮನೇಲಿ ಯಾರು ಮಾತ್ರೆ ನಿಲ್ಲಿಸಿದಾರೆ ಅಂತ ಅವರಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. ಲ್ಯಾಬ್ ಪ್ಯಾಕೇಜ್ ಮಾರೋರು, ಪ್ರೋಟೀನ್ ಪೌಡರ್ ಏಜೆಂಟು ಸ್ಪಾನ್ಸರ್ ಮಾಡ್ತೀನಿ ಅಂತ ಬಂದ್ರೆ ಬೇಡ ಅನ್ನಿ. ಮಾರಾಟ ಶುರುವಾದ್ರೆ ಜನ ಎರಡನೇ ಸಲ ಬರಲ್ಲ.

ಮಾತಿಗೆ ಮುಂಚೆ ಬಿಪಿ. ಇದನ್ನ ಸರಿಯಾಗಿ ಮಾಡೋದೇ ಅರ್ಧ ಕೆಲಸ, ಕ್ಯಾಂಪ್‌ಗಳಲ್ಲಿ ಇದೇ ತಪ್ಪಾಗೋದು ಜಾಸ್ತಿ. ನಡ್ಕೊಂಡು ಬಂದೋರನ್ನ ನಿಲ್ಲಿಸಿ ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿ ಮಾತಾಡಿಸ್ತಾ ನೋಡಿದ್ರೆ ಬರೋ ನಂಬರ್ ನಂಬೋ ಹಂಗಿಲ್ಲ. ಕಾಫಿ ಕುಡಿದು, ಬೀಡಿ ಸೇದಿ ಅರ್ಧ ಗಂಟೆ ಆಗಿರ್ಬೇಕು, ಒಂದಕ್ಕೆ ಹೋಗ್ಬೇಕು ಅನ್ನಿಸ್ತಿದ್ರೆ ಹೋಗಿ ಬಂದಿರ್ಬೇಕು. ಬೆನ್ನು ಒರಗೋ ಕುರ್ಚೀಲಿ ಐದು ನಿಮಿಷ ಸುಮ್ನೆ ಕೂರ್ಸಿ, ಪಾದ ಎರಡೂ ನೆಲದ ಮೇಲೆ, ಕಾಲು ಮೇಲೆ ಕಾಲು ಬೇಡ, ತೋಳು ಬರಿದಾಗಿರ್ಲಿ, ಕೈ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇರ್ಲಿ. ನೋಡೋವಾಗ ಅವ್ರೂ ಮಾತಾಡ್ಬಾರ್ದು ನೀವೂ ಮಾತಾಡಿಸ್ಬಾರ್ದು. ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿ, ಎರಡೂ ಬರೀರಿ. ಮಣಿಕಟ್ಟಿಗೆ ಕಟ್ಟೋ ಮಷಿನ್ ಬೇಡ, ತೋಳಿಗೆ ಕಟ್ಟೋದೇ ತಗೊಳ್ಳಿ, ದಪ್ಪ ತೋಳಿನೋರಿಗೆ ದೊಡ್ಡ ಪಟ್ಟಿ ಇಟ್ಟಿರಿ, ಚಿಕ್ಕ ಪಟ್ಟಿ ಬಿಗಿದ್ರೆ ಇಲ್ದಿರೋ ಬಿಪಿ ತೋರ್ಸತ್ತೆ. ಮೇಲಿನ ನಂಬರ್ 140, ಕೆಳಗಿನದು 90, ಎರಡರಲ್ಲಿ ಒಂದಾದ್ರೂ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅವತ್ತೇ ಬಿಪಿ ಪೇಷೆಂಟ್ ಅಂತ ಹಣೆಪಟ್ಟಿ ಕಟ್ಟಬೇಡಿ, ಇನ್ನೊಂದು ದಿನ ಮತ್ತೆ ನೋಡ್ಬೇಕು. ಮೇಲಿನದು 180 ಅಥವಾ ಕೆಳಗಿನದು 120 ದಾಟಿದ್ರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಹಂಗೇ ಇದ್ರೆ ಅವತ್ತೇ ಡಾಕ್ಟರ್ ಹತ್ರ, ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲೋದು, ಕೈಕಾಲು ಬಲ ಇಲ್ದೆ ಇರೋದು ಇದ್ರೆ ಸೀದಾ ಆಸ್ಪತ್ರೆಗೆ.

ನಂಬರನ್ನ ಜೋರಾಗಿ ಹೇಳಬೇಡಿ. ಒಂದು ಚೀಟೀಲಿ ಬರೆದು ಅವರ ಕೈಗೇ ಕೊಡಿ. ಮದುವೆಗೆ ಹುಡುಗಿ ನೋಡ್ತಿರೋ ಹುಡುಗನ ಬಿಪಿ ಊರಿಗೆಲ್ಲ ಗೊತ್ತಾದ್ರೆ ಅವ್ನು ಮುಂದೆ ಯಾವತ್ತೂ ಮಷಿನ್ ಹತ್ರ ಬರಲ್ಲ.

ಇನ್ನು ಮಾತು. ಒಂದು ಸಲಕ್ಕೆ ಒಂದೇ ವಿಷಯ ಅಂತ ಡಾಕ್ಟರಿಗೆ ಮುಂಚೇನೇ ಹೇಳಿ, ಅವ್ರೂ ಖುಷಿ ಪಡ್ತಾರೆ. ನನ್ನ ಪ್ರಕಾರ ಶುರು ಮಾಡೋಕೆ ಉಪ್ಪಿಗಿಂತ ಒಳ್ಳೇ ವಿಷಯ ಇಲ್ಲ, ಯಾಕಂದ್ರೆ ಎಲ್ರ ಮನೇಲೂ ಇದೆ, ಲೆಕ್ಕ ಹಾಕೋಕಾಗತ್ತೆ. ಬಂದೋರನ್ನ ಕೇಳಿ, ನಿಮ್ಮನೇಲಿ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರತ್ತೆ, ಎಷ್ಟು ಜನ ಇದೀರ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡೋರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಅಂದ್ರೆ ಪ್ಯಾಕೆಟ್ 50 ದಿನ ಬರ್ಬೇಕು. ಒಂದೇ ತಿಂಗಳಿಗೆ ಖಾಲಿ ಆಗ್ತಿದ್ರೆ ತಲೆಗೆ 8 ಗ್ರಾಂ ದಾಟ್ತು, ಇದ್ರಲ್ಲಿ ಹೊರಗಿನ ಮಿಕ್ಸ್ಚರು, ಚಿಪ್ಸು, ಬೇಕರಿ, ಹೋಟೆಲ್ ಊಟ ಇನ್ನೂ ಸೇರಿಲ್ಲ. ಈ ಲೆಕ್ಕ ಹಾಕೋ ಹೊತ್ತಿಗೆ ಹೆಂಗಸರು ತಾವೇ ಮಾತು ಶುರು ಮಾಡ್ತಾರೆ, ನಮ್ಮನೇಲಿ ಇವ್ರು ಮಜ್ಜಿಗೆಗೂ ಉಪ್ಪು ಹಾಕ್ಕೊಂಡು ಮೇಲೆ ಉಪ್ಪಿನಕಾಯಿ ನೆಂಚ್ಕೊತಾರೆ, ಅನ್ನಕ್ಕೆ ಬೇಯೋವಾಗ್ಲೇ ಉಪ್ಪು ಹಾಕ್ತೀವಿ, ಹಪ್ಪಳ ಸಂಡಿಗೆ ಇಲ್ದೆ ಊಟಾನೇ ಇಲ್ಲ ಅಂತ. ಅಲ್ಲಿಂದ ಡಾಕ್ಟರ್ ಹಿಡ್ಕೋಬೇಕು. ಒಂದೇ ದಿನ ಉಪ್ಪು ಬಿಡಿ ಅನ್ನೋದು ಬೇಡ, ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮೊಸರಿಗೆ ಹಾಕೋದು ಮೊದಲು ನಿಲ್ಲಲಿ, ಸಾರಿಗೆ ಒಂದು ಚಿಟಿಕೆ ಕಮ್ಮಿ ಮಾಡಿ ಹುಳಿ, ನಿಂಬೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಮಾಡಿ, ನಾಲಿಗೆ ಕೆಲವು ವಾರದಲ್ಲಿ ಒಗ್ಗತ್ತೆ. ಮುಂದಿನ ತಿಂಗಳ ಕೂಟಕ್ಕೆ ಪ್ಯಾಕೆಟ್ ಮೇಲೆ ಒಡೆದ ತಾರೀಖು ಬರ್ಕೊಂಡು ಬನ್ನಿ ಅಂತ ಹೇಳಿ, ಅಷ್ಟೇ ಹೋಂವರ್ಕು.

ಕಮ್ಮಿ ಸೋಡಿಯಂ ಉಪ್ಪಿನ ಬಗ್ಗೆ ಯಾರಾದ್ರೂ ಕೇಳೇ ಕೇಳ್ತಾರೆ. ಚೀನಾದಲ್ಲಿ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಐದು ವರ್ಷ ನೋಡಿದ್ರು, ಕಾಲು ಭಾಗ ಪೊಟ್ಯಾಸಿಯಂ ಸೇರಿಸಿದ ಉಪ್ಪು ತಿಂದೋರಲ್ಲಿ ಸ್ಟ್ರೋಕ್ ನೂರಕ್ಕೆ 14 ಕಮ್ಮಿ, 2021ರಲ್ಲಿ ಫಲಿತಾಂಶ ಬಂತು. ಆದ್ರೆ ಕಿಡ್ನಿ ತೊಂದ್ರೆ ಇರೋರು, ಪೊಟ್ಯಾಸಿಯಂ ಏರಿಸೋ ಬಿಪಿ ಮಾತ್ರೆ ತಗೊಳ್ತಿರೋರು ಡಾಕ್ಟರನ್ನ ಕೇಳದೆ ಇದನ್ನ ಮುಟ್ಟಬಾರದು, ಟೆಲ್ಮಿಸಾರ್ಟನ್ ಕೂಡ ಆ ಥರದ್ದೇ, ನಮ್ಮಲ್ಲಿ ಎಷ್ಟೋ ಜನ ಅದನ್ನೇ ತಗೊಳ್ತಾರೆ. ಈ ಮಾತು ಕೂಟದಲ್ಲಿ ಖಂಡಿತ ಬರ್ಲಿ.

ಎರಡನೇ ತಿಂಗಳು ಮಾತ್ರೆ ವಿಷಯ ಇಟ್ಕೊಳ್ಳಿ. ಜನರ ಮನಸಲ್ಲಿರೋ ಪ್ರಶ್ನೆ ಜನ ಕೇಳಲ್ಲ, ಅದಕ್ಕೆ ನೀವೇ ಕೇಳಿ. ಒಂದ್ಸಲ ಶುರು ಮಾಡಿದ್ರೆ ಜೀವನ ಪೂರ್ತಿ ತಗೋಬೇಕಾ? ನಾರ್ಮಲ್ ಬಂದ್ಮೇಲೆ ಬಿಡಬಹುದಾ? ಹಬ್ಬದ ದಿನ, ಉಪವಾಸದ ದಿನ ಏನು ಮಾಡೋದು? ಕಾಲು ಊದಿಕೊಂಡ್ರೆ? ಜಾತ್ರೆಗೆ ಹೋದಾಗ ಮಾತ್ರೆ ಮರೆತು ಬಂದ್ರೆ? ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು ಅನ್ನೋ ಒಂದು ಮಾತನ್ನ ಡಾಕ್ಟರ್ ಬಾಯಿಂದಾನೇ ಕೇಳಿಸಿ, ಎಷ್ಟೋ ಸ್ಟ್ರೋಕ್‌ಗಳು ಬಿಪಿ ಸರಿಹೋಯ್ತು ಅಂತ ಮಾತ್ರೆ ಬಿಟ್ಟಿದ್ದಕ್ಕೇ ಆಗೋದು. ಪಿಎಚ್‌ಸೀಲಿ ಬಿಪಿ ಶುಗರ್ ಮಾತ್ರೆ ಫ್ರೀ ಅಂತಲೂ ಹೇಳಿಸಿ. ಎಲ್ರ ಮುಂದೆ ಯಾರ ಮಾತ್ರೆ ಚೀಟಿನೂ ತಿದ್ದೋದು ಬೇಡ, ಅದು ಕ್ಲಿನಿಕ್ಕಲ್ಲೇ ಆಗ್ಲಿ.

ಕೋವಿಡ್ ವ್ಯಾಕ್ಸಿನ್‌ನಿಂದಾನೇ ಹಾರ್ಟ್ ಅಟ್ಯಾಕ್ ಆಗ್ತಿದೆಯಾ ಅನ್ನೋ ಪ್ರಶ್ನೆ ಬಂದೇ ಬರತ್ತೆ. ಕೇಳ್ದೋರನ್ನ ಸುಮ್ನಿರಿಸಬೇಡಿ, ಮನೇಲಿ ಚಿಕ್ಕ ವಯಸ್ಸಿನೋರನ್ನ ಕಳ್ಕೊಂಡೋರು ಇರ್ತಾರೆ, ಅವರ ನೋವಿಗೆ ಉತ್ತರ ಬೇಕು. ಆಗ ಜಯದೇವದ ಡೈರೆಕ್ಟರ್ ಆಗಿದ್ದ ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ರಾಜ್ಯ ಸರ್ಕಾರದ ಸಮಿತಿ ಇದನ್ನೇ ನೋಡಿ, ಕೋವಿಡ್ ವ್ಯಾಕ್ಸಿನ್‌ಗೂ ಚಿಕ್ಕ ವಯಸ್ಸಲ್ಲಿ ಬರೋ ಹಾರ್ಟ್ ಕಾಯಿಲೆಗೂ ಸಂಬಂಧ ಕಾಣಲಿಲ್ಲ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಥರದ ಹಳೇ ಕಾರಣಗಳೇ ಅಂತ 2025ರಲ್ಲಿ ವರದಿ ಕೊಟ್ಟಿದೆ. ಚಿಕ್ಕ ವಯಸ್ಸಲ್ಲಿ ಯಾಕೆ ಅಂದ್ರೆ, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಎಂಬಿಬಿಎಸ್ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ತಂಡ 52 ದೇಶಗಳಲ್ಲಿ ಮಾಡಿದ ಇಂಟರ್‌ಹಾರ್ಟ್ ಸ್ಟಡೀಲಿ ನಮ್ಮ ಭಾಗದ ದೇಶಗಳೋರಿಗೆ ಮೊದಲನೇ ಅಟ್ಯಾಕ್ ಬೇರೆಯೋರಿಗಿಂತ ಐದಾರು ವರ್ಷ ಮುಂಚೇನೇ ಬರೋದು ಕೋವಿಡ್‌ಗಿಂತ ಎಷ್ಟೋ ಮೊದಲೇ ಕಂಡಿತ್ತು. ತಂಬಾಕು, ಹೊಟ್ಟೆ ಬೊಜ್ಜು, ಕೊಲೆಸ್ಟ್ರಾಲು, ಬಿಪಿ, ಶುಗರು, ಟೆನ್ಷನ್, ಹಣ್ಣು ತರಕಾರಿ ಕಮ್ಮಿ, ನಡೆದಾಡೋದು ಕಮ್ಮಿ, ಇಂಥ ಒಂಬತ್ತು ವಿಷಯದಲ್ಲೇ ಅಟ್ಯಾಕ್ ಅಪಾಯದ ನೂರಕ್ಕೆ 90 ಭಾಗ ಸಿಗತ್ತೆ ಅಂತ 2004ರಲ್ಲೇ ಹೇಳಿದ್ರು.

ತಂಬಾಕಿನ ಕೂಟ ಗಂಡಸರದ್ದು ಬೇರೆ ಮಾಡಿ. ಕಡ್ಡಿಪುಡಿ, ಗುಟ್ಕಾ ಹಾಕೋ ಹೆಂಗಸರೂ ಇರ್ತಾರೆ, ಅವರಿಗೆ ಹೆಂಗಸು ಡಾಕ್ಟರೋ ಸಿಸ್ಟರೋ ಬಂದ್ರೆ ಮಾತ್ರ ಬಾಯಿ ಬಿಡ್ತಾರೆ. ಅಡುಗೆ ಎಣ್ಣೆ ವಿಷಯ ಬಂದ್ರೆ ವನಸ್ಪತಿ, ಬಜ್ಜಿ ಅಂಗಡೀಲಿ ಮತ್ತೆ ಮತ್ತೆ ಕಾಯಿಸೋ ಎಣ್ಣೆ ಬೇಡ ಅಂತ ಇಷ್ಟು ಹೇಳಿ ಮುಗಿಸಿ, ಯಾವ ಎಣ್ಣೆ ಬೆಸ್ಟ್ ಅಂತ ಶುರುವಾದ್ರೆ ರಾತ್ರಿ ಆದ್ರೂ ಮುಗಿಯಲ್ಲ.

ಒಂದು ದಿನ ಪೂರ್ತಿ ಎಮರ್ಜೆನ್ಸಿಗೇ ಇಡಿ. ಎದೆ ಮೇಲೆ ಭಾರ ಇಟ್ಟಂಗೆ ಒತ್ತೋದು, ಎಡಗೈ, ದವಡೆ, ಬೆನ್ನಿಗೆ ಹರಿಯೋದು, ತಣ್ಣನೆ ಬೆವರು. ಹೆಂಗಸರಿಗೆ, ಶುಗರ್ ಇರೋರಿಗೆ ಎಷ್ಟೋ ಸಲ ನೋವೇ ಇರಲ್ಲ, ಉಸಿರು ಸಾಲದು, ವಿಪರೀತ ಸುಸ್ತು, ಹೊಟ್ಟೆ ಮೇಲ್ಭಾಗ ಉರಿ ಅಷ್ಟೇ, ಗ್ಯಾಸ್ ಅಂತ ಸೋಡಾ ಕುಡಿದು ಮಲಗ್ತಾರೆ, ಇದನ್ನ ಡಾಕ್ಟರ್ ಎರಡೆರಡು ಸಲ ಹೇಳ್ಲಿ. ಆಮೇಲೆ ನಿಮ್ಮ ಊರಿನ ವಿಷಯ ಕೂತು ಬರೀರಿ, ರಾತ್ರಿ ಎರಡು ಗಂಟೇಲಿ ಇಸಿಜಿ ಎಲ್ಲಿ ಸಿಗತ್ತೆ, 108 ಬರೋಕೆ ಎಷ್ಟು ಹೊತ್ತು, ಬರದೆ ಇದ್ರೆ ಕಾರು ಯಾರ್ದು. ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ಇಸಿಜಿ ತೆಗೆದು ಅಲ್ಲಿಂದಾನೇ ದೊಡ್ಡ ಆಸ್ಪತ್ರೆ ಡಾಕ್ಟರಿಗೆ ಕಳಿಸಿ, ಬೇಕಿದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ, ಹೊರಗಡೆ ಅದಕ್ಕೆ ಸಾವಿರಾರು ರೂಪಾಯಿ. ನಿಮ್ಮ ತಾಲೂಕು ಆಸ್ಪತ್ರೇಲಿ ಅದು ನಡೀತಿದೆಯಾ ಅಂತ ಒಬ್ರು ಹೋಗಿ ಕೇಳ್ಕೊಂಡೇ ಬನ್ನಿ, ಬೇಕಾದ ರಾತ್ರಿ ಗೊತ್ತಾದ್ರೆ ಪ್ರಯೋಜನ ಇಲ್ಲ.

ಅವತ್ತೇ ಸಿಪಿಆರ್ (ಹೃದಯ ನಿಂತೋರ ಎದೆ ಒತ್ತಿ ಉಳಿಸೋದು) ಕಲಿಸೋ ಬೊಂಬೆ ತರೋಕೆ ಹೇಳಿ. ಆಸ್ಪತ್ರೆಗಳಲ್ಲಿ, ನರ್ಸಿಂಗ್ ಕಾಲೇಜಲ್ಲಿ ಇರತ್ತೆ. ಕುಸಿದು ಬಿದ್ದೋರು ಕರೆದ್ರೂ ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ರೆ ಒಬ್ರು 108ಕ್ಕೆ ಫೋನ್, ಇನ್ನೊಬ್ರು ಎದೆ ನಡುಮಧ್ಯದ ಮೂಳೆ ಮೇಲೆ ಅಂಗೈ ಊರಿ ಐದು ಸೆಂಟಿಮೀಟರ್ ಇಳಿಯೋ ಹಂಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ನೋಡಿದ್ರೆ ಬರಲ್ಲ, ಬಂದ ಪ್ರತಿಯೊಬ್ರೂ ಎರಡೆರಡು ನಿಮಿಷ ಒತ್ತಲಿ, ಎಷ್ಟು ಬೇಗ ಕೈ ಸೋಲತ್ತೆ ಅಂತ ಆಗ ಗೊತ್ತಾಗತ್ತೆ, ಅದಕ್ಕೇ ಆಸ್ಪತ್ರೆಯೋರು ಬರೋವರೆಗೂ ಇಬ್ಬರು ಮೂವರು ಸರದಿ ಮೇಲೆ ಒತ್ತೋದು ಕಲೀಬೇಕು. ಕಾಲೇಜು ಹುಡುಗ್ರು ಹುಡುಗೀರನ್ನ ಈ ದಿನ ತಪ್ಪದೆ ಕರೀರಿ, ಮನೇಲಿ ಅಪ್ಪನೋ ಅಜ್ಜನೋ ಬಿದ್ರೆ ಮೊದಲು ಓಡಿ ಬರೋದು ಅವ್ರೇ.