ಜೇಕಿನ ಬೀಜಕ್ಕೆ ಮಣ್ಣು ಮುಚ್ಚಬೇಡಿ

ಪಕ್ಕದ ಫ್ಲ್ಯಾಟಿನ ಹುಡುಗಿ ಮೂರನೇ ಸಲ ಬಂದು "ಅಜ್ಜಿ, ಜೇಕು ಹುಟ್ಟಲೇ ಇಲ್ಲ" ಅಂದಳು. ಜೇಕು ಅಂದರೆ ಕೆರೆದಂಡೆಯಲ್ಲಿ ಬೆಳೆಯುವ ಹುಲ್ಲಿನಂಥ ಗಿಡ. ಹೋಗಿ ನೋಡಿದರೆ ಬೀಜದ ಮೇಲೆ ಎರಡು ಬೆರಳು ದಪ್ಪ ಮಣ್ಣು! ಅದೇನು ಅವರೆಕಾಳಾ? ಜೇಕಿನ ಬೀಜಕ್ಕೆ ಬೆಳಕು ಬೇಕು ತಾಯಿ. ನಮ್ಮೂರ ಕೆರೆಯಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದಂತೆ ಹಸಿ ಕೆಸರಿನ ಮೇಲೆ ತಾನಾಗಿ ಹಸಿರು ಏಳುತ್ತಿತ್ತು. ಯಾರು ಮಣ್ಣು ಮುಚ್ಚಿದ್ದರು ಅಲ್ಲಿ?

ಪುಣೆಯಲ್ಲಿ ಇದಕ್ಕೆ ಲವ್ಹಾಳಾ ಅನ್ನುತ್ತಾರೆ. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಗುಲುತ್ತವೆ. ನರ್ಸರಿಯವರು ಕೊಡುವ ಕೊಡೆಯಂಥ ಗಿಡ ಆಫ್ರಿಕಾ ಕಡೆಯದು, ನಮ್ಮದಲ್ಲ. ಕೊನ್ನಾರಿಯೂ ಜೇಕಿನ ಜಾತಿಯದೇ, ಆದರೆ ಕಳೆ; ಅದರ ಗಡ್ಡೆಯನ್ನಂತೂ ಮನೆಗೆ ತರಲೇಬೇಡಿ, ಒಂದು ಗಡ್ಡೆ ಉಳಿದರೂ ಕುಂಡವೆಲ್ಲ ಅದರದ್ದೇ.

ಮಳೆಗಾಲ ಮುಗಿದ ಮೇಲೆ ತೆನೆ ಕಂದಾಗಿ, ಮುಟ್ಟಿದರೆ ಉದುರುವಾಗ ತನ್ನಿ. ಕಾಗದದ ಪೊಟ್ಟಣದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಬರುತ್ತದೆ. ಹೋಳಿ ಹೊತ್ತಿಗೆ ಬಿತ್ತಿ.

ಈಗ ಕೇಳಿ. ಫ್ಯಾನ್ ಆರಿಸಿ, ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಮೆಲ್ಲಗೆ ಊದಿ. ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ, ಇಲ್ಲದಿದ್ದರೆ ಎಲ್ಲಾ ಒಂದೇ ಕಡೆ ಬೀಳುತ್ತದೆ. ಕುಂಡದ ಕಪ್ಪು ಮಣ್ಣು ಮೊದಲೇ ನೆನೆದಿರಬೇಕು. ಅದರ ಮೇಲೆ ರಂಗೋಲಿ ಬಿಡುವ ಹಾಗೆ ಚಿಟಿಕೆಯಲ್ಲಿ ಉದುರಿಸಿ. ಆಮೇಲೆ ಕಾಫಿ ಲೋಟದ ತಳದಿಂದ ಒತ್ತಿ. ತಳ ಒಣಗಿರಲಿ, ಒದ್ದೆಯಿದ್ದರೆ ಬೀಜ ಲೋಟಕ್ಕೇ ಅಂಟಿಕೊಂಡು ಬರುತ್ತದೆ. ಒತ್ತಿದ ಗುರುತು ಕಾಣಬೇಕು, ಬೀಜವೂ ಕಾಣಬೇಕು. ಅಷ್ಟೇ. ಮೇಲಿಂದ ತೊಟ್ಟು ನೀರೂ ಬೇಡ, ಬೀಜ ತೇಲಿ ಅಂಚಿಗೆ ಹೋಗಿ ಕೂರುತ್ತದೆ. ಕುಂಡವನ್ನು ನೀರಿನ ಟಬ್ಬಿನಲ್ಲಿಡಿ. ಮಣ್ಣಿಗಿಂತ ಎರಡು ಬೆರಳು ಕೆಳಗಿರಲಿ ನೀರು, ತಳದಿಂದ ತಾನೇ ಎಳೆದುಕೊಳ್ಳುತ್ತದೆ. ಬಿಸಿಲು ಬೀಳುವ ಕಡೆ ಇಡಿ.

ಟಬ್ಬಿನ ನೀರನ್ನು ವಾರ ತುಂಬುವ ಮೊದಲೇ ಚೆಲ್ಲಿ, ಒಳಗೋಡೆ ತಿಕ್ಕಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿರುತ್ತದೆ.

ಎರಡು ಮೂರು ವಾರಕ್ಕೆ ಕೂದಲೆಳೆಯಂಥ ಹಸಿರು ಬರುತ್ತದೆ. ಕಳೆ ಅಂದುಕೊಂಡು ಕಿತ್ತೀರಿ ಮತ್ತೆ! ಬೆರಳುದ್ದ ಆದಮೇಲೆ ಒಂದೊಂದೇ ಎಳೆಯದೆ, ಚಮಚದಲ್ಲಿ ಮಣ್ಣಿನ ಸಮೇತ ಗುಂಪಾಗಿ ಎತ್ತಿ ನೆಡಿ. ಹಳೆ ಚಮಚ ತಗೊಳ್ಳಿ, ಒಗ್ಗರಣೆಯದ್ದಲ್ಲ.