ಮೊಜಾಂಬಿಕ್ ಸಾಲಿನ ಮೈನಸ್

ವಿದೇಶಿ ಹೂಡಿಕೆಯ ಎಕ್ಸೆಲ್ ಶೀಟ್‌ನಲ್ಲಿ ಆಫ್ರಿಕಾದ ಮೊಜಾಂಬಿಕ್‌ನ ಸಾಲು ಪೂರ್ತಿ ಮೈನಸ್‌ನಲ್ಲಿತ್ತು. ಒಂದು ವರ್ಷ ಎರಡು ವರ್ಷ ಅಲ್ಲ, ಉದ್ದಕ್ಕೂ. 2013ರ ಮನೆಯಲ್ಲಂತೂ ಮೈನಸ್ 600 ಕೋಟಿ ಡಾಲರ್‌ಗೂ ಜಾಸ್ತಿ. ಸಮುದ್ರದ ತಳದಲ್ಲಿ ಗ್ಯಾಸ್ ಸಿಕ್ಕಿದೆ ಅಂತ ದೊಡ್ಡ ದೊಡ್ಡ ಕಂಪನಿಗಳೆಲ್ಲ ಓಡೋಡಿ ಹೋದ ದೇಶ ಅದು. ಅಲ್ಲಿಂದ ದುಡ್ಡು ಹೊರಗೆ ಹೋಗುತ್ತಿದೆ ಅಂತ ನನ್ನ ಶೀಟ್ ಹೇಳುತ್ತಿತ್ತು.

ಆಗ ನಾನು ಬೆಂಗಳೂರಿನ ಒಂದು ರಿಸರ್ಚ್ ಕಂಪನಿಯಲ್ಲಿದ್ದೆ. ಲಂಡನ್ನಿನ ಕ್ಲೈಂಟ್‌ಗಳಿಗೆ ಇಲ್ಲಿಂದ ಅಂಕಿ ಅಂಶ ಹೊಂದಿಸಿ ಕೊಡುವ ಕೆಲಸ. 2023ರಲ್ಲಿ ಒಂದು ಪ್ರಶ್ನೆ ಬಂತು. ಸಾಲ ಮನ್ನಾ ಆದ ಬಡ ದೇಶಗಳಿಗೆ ಆಮೇಲೆ ವಿದೇಶಿ ನೇರ ಹೂಡಿಕೆ, ಅಂದರೆ ಎಫ್‌ಡಿಐ, ಜಾಸ್ತಿ ಆಯ್ತಾ? ನಾಲ್ಕು ದಿನ ಟೈಮ್ ಕೊಟ್ಟಿದ್ದರು. ನನಗೆ ಎರಡು ದಿನ ಸಾಕು ಅನ್ನಿಸಿತ್ತು. ಡೌನ್‌ಲೋಡ್ ಮಾಡೋದು, ಚಾರ್ಟ್ ಹಾಕೋದು, ಅಷ್ಟೇ ಅಲ್ವಾ?

ದೇಶಗಳ ಪಟ್ಟಿ ಮಾಡುವುದು ಕಷ್ಟವಿರಲಿಲ್ಲ. ವಿಶ್ವ ಬ್ಯಾಂಕ್ ಮತ್ತು ಐಎಂಎಫ್ ಸೇರಿ 1996ರಲ್ಲಿ ಶುರು ಮಾಡಿದ ಯೋಜನೆ ಇದೆ, ಚಿಕ್ಕದಾಗಿ ಎಚ್‌ಐಪಿಸಿ ಅನ್ನುತ್ತಾರೆ. ತೀರಿಸಲಾಗದಷ್ಟು ಸಾಲ ಹೊತ್ತ 39 ಬಡ ದೇಶಗಳು ಅದರ ಪಟ್ಟಿಯಲ್ಲಿವೆ, ಹೆಚ್ಚಿನವು ಆಫ್ರಿಕಾದವು. ಹೇಳಿದ ಷರತ್ತುಗಳನ್ನೆಲ್ಲ ಪೂರೈಸಿದರೆ ‘ಕಂಪ್ಲೀಷನ್ ಪಾಯಿಂಟ್’ ಬರುತ್ತದೆ, ಸಾಲ ಖಾಯಂ ಆಗಿ ಇಳಿಯುತ್ತದೆ. ಉಗಾಂಡಾ ಮೊದಲು ಮುಟ್ಟಿತು. ನಾನು ಶೀಟ್ ಮಾಡುವಾಗ 36 ದೇಶ ಮುಟ್ಟಿದ್ದವು. ಆ ಡಿಸೆಂಬರ್‌ನಲ್ಲಿ ಸೊಮಾಲಿಯಾ ಸೇರಿ 37 ಆಯಿತು.

ಇನ್ನು ಆ ಮೈನಸ್. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ಎಫ್‌ಡಿಐಗೆ ಹೆಚ್ಚುಕಡಿಮೆ ಒಂದೇ ಥರದ ಹೆಸರಿರುವ ಸರಣಿಗಳಿವೆ. ಒಂದರ ಹೆಸರಲ್ಲಿ ‘ನೆಟ್ ಇನ್‌ಫ್ಲೋಸ್’ ಅಂತ ಇದೆ. ಇನ್ನೊಂದರಲ್ಲಿ ಬರೀ ‘ನೆಟ್’. ಮೊದಲನೆಯದು ಹೊರಗಿನವರು ಈ ದೇಶದಲ್ಲಿ ಹಾಕಿದ್ದರಲ್ಲಿ ವಾಪಸ್ ತೆಗೆದದ್ದನ್ನು ಕಳೆದು ಉಳಿದದ್ದು. ಎರಡನೆಯದು ಈ ದೇಶದವರು ಹೊರಗೆ ಹಾಕಿದ್ದರಲ್ಲಿ ಹೊರಗಿನವರು ಇಲ್ಲಿ ಹಾಕಿದ್ದನ್ನು ಕಳೆದದ್ದು. ಐಎಂಎಫ್‌ನ ಈಗಿನ ಲೆಕ್ಕದ ಪದ್ಧತಿಯಲ್ಲಿ ಅದು ಹಾಗೇ ಇರುವುದು. ಹೊರಗೆ ಏನೂ ಹಾಕದ ಮೊಜಾಂಬಿಕ್‌ಗೆ ದುಡ್ಡು ಬಂದಷ್ಟೂ ಮೈನಸ್ ಬೆಳೆಯುತ್ತದೆ. ನಾನು ಎರಡನೆಯದನ್ನು ಇಳಿಸಿಕೊಂಡಿದ್ದೆ. ಸುಮ್ನೆ ಮೈನಸ್ ಚಿಹ್ನೆಗಳನ್ನೆಲ್ಲ ಅಳಿಸಿ ಮುಂದೆ ಹೋಗಬಹುದಿತ್ತು. ಹಾಗೆ ಮಾಡಿದ್ದರೆ ನಿಜವಾಗಿಯೂ ದುಡ್ಡು ವಾಪಸ್ ಹೋದ ವರ್ಷಗಳೆಲ್ಲ ತಲೆಕೆಳಗಾಗುತ್ತಿದ್ದವು. ಆ ಸಂಜೆಯಿಂದ ಒಂದು ಅಭ್ಯಾಸ ಆಗಿದೆ. ಸರಣಿಯ ಹೆಸರನ್ನಲ್ಲ, ಅದರ ಕೆಳಗಿನ ವಿವರಣೆ ಓದಿಯೇ ಇಳಿಸಿಕೊಳ್ಳುತ್ತೇನೆ.

ಸರಿಯಾದ ಸರಣಿ ಹಾಕಿದ ಮೇಲೆ ಚಾರ್ಟ್ ಬಲು ಚೆಂದ ಬಂತು. ಪ್ರತಿ ದೇಶದ ಸಾಲ ಮನ್ನಾ ಆದ ವರ್ಷವನ್ನು ಸೊನ್ನೆ ಅಂತ ಇಟ್ಟುಕೊಂಡೆ. ಹಿಂದೆ ಐದು ವರ್ಷ, ಮುಂದೆ ಐದು ವರ್ಷ. ಎಲ್ಲ ದೇಶಗಳನ್ನು ಕೂಡಿಸಿದಾಗ ಗೆರೆ ಸೊನ್ನೆ ದಾಟಿದ ಮೇಲೆ ಮೇಲಕ್ಕೆ ಏರುತ್ತಾ ಹೋಗುತ್ತಿತ್ತು. ಪುಸ್ತಕದಲ್ಲಿ ಓದಿದ್ದಕ್ಕೂ ತಾಳೆ ಆಗುತ್ತಿತ್ತು. ತಲೆ ಮೇಲೆ ಸಾಲ ಕೂತಿದ್ದರೆ ನಾಳೆ ತೆರಿಗೆ ಏರಿಸಿಯಾರು ಅಂತ ಹೂಡಿಕೆದಾರ ಹೆದರುತ್ತಾನೆ, ಸಾಲ ಇಳಿದರೆ ಧೈರ್ಯವಾಗಿ ಬರುತ್ತಾನೆ ಅಂತ 1980ರ ದಶಕದ ಕೊನೆಯಲ್ಲೇ ಅರ್ಥಶಾಸ್ತ್ರಜ್ಞರು ಬರೆದಿದ್ದರು. ಖುಷಿಯಿಂದ ಮ್ಯಾನೇಜರ್ ಮೇಡಂಗೆ ತೋರಿಸಿದೆ.

ಅವರು ಸ್ವಲ್ಪ ಹೊತ್ತು ನೋಡಿ, “ತಾಮ್ರದ ರೇಟ್ ಇದೇ ಚಾರ್ಟ್ ಮೇಲೆ ಹಾಕಿ ನೋಡಿದ್ರಾ?” ಅಂದರು.

ಹಾಕಿರಲಿಲ್ಲ. ಹಾಕಿದೆ. 2003ರಲ್ಲಿ ಟನ್ನಿಗೆ ಸುಮಾರು 1,800 ಡಾಲರ್ ಇದ್ದ ತಾಮ್ರ 2011ರ ಆರಂಭದಲ್ಲಿ 10,000 ದಾಟಿತ್ತು. ಜಾಂಬಿಯಾದ ಸಾಲ ಮನ್ನಾ ಆದದ್ದು 2005ರಲ್ಲಿ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು 2010ರ ಮಧ್ಯದಲ್ಲಿ, ಅದೂ ಅದೇ ಏರಿಕೆಯ ಹೊತ್ತಲ್ಲಿ. ನನ್ನ ಗೆರೆ, ತಾಮ್ರದ ಗೆರೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಕಂಪನಿಗಳು ಬಂದದ್ದು ಸಾಲ ಇಳಿಯಿತು ಅಂತಲೋ, ತಾಮ್ರ ಏರಿತು ಅಂತಲೋ? ಆ ಚಾರ್ಟ್‌ನಿಂದ ಹೇಳಲು ಬರುವುದಿಲ್ಲ.

ಹಾಗಾದರೆ ಸಾಲ ಮನ್ನಾ ಆಗಿಯೂ ನೆಲದಡಿಯಿಂದ ಹೇಳಿಕೊಳ್ಳುವಂಥದ್ದೇನೂ ತೆಗೆಯದ ದೇಶ ನೋಡೋಣ ಅಂದುಕೊಂಡೆ. ಬುರುಂಡಿ ಸಿಕ್ಕಿತು. ಕಾಫಿ, ಚಹಾ ಬೆಳೆಯುವ ಪುಟ್ಟ ದೇಶ. 2009ರಲ್ಲಿ ಸಾಲ ಮನ್ನಾ ಆಯಿತು. ಎಫ್‌ಡಿಐ ಗೆರೆ ಮೊದಲೂ ನೆಲಕ್ಕೆ ಅಂಟಿತ್ತು, ಆಮೇಲೂ ನೆಲ ಬಿಟ್ಟು ಏಳಲಿಲ್ಲ ಅಂತಲೇ ಹೇಳಬೇಕು. ಕೂಡಿಸಿದ ಚಾರ್ಟ್‌ನಲ್ಲಿ ಬುರುಂಡಿ ಕಾಣುವುದೇ ಇಲ್ಲ. ಗಣಿ, ಎಣ್ಣೆ ಇರುವ ನಾಲ್ಕೈದು ದೇಶಗಳೇ ಇಡೀ ಮೊತ್ತವನ್ನು ಎಳೆದುಕೊಂಡು ಹೋಗುತ್ತವೆ. ಅವತ್ತೇ ಮೊತ್ತ ಬಿಟ್ಟು ಮೀಡಿಯನ್‌ಗೆ, ಅಂದರೆ ದೇಶಗಳನ್ನು ಅಂಕಿಯ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಅಂಕಿಗೆ, ಬಂದೆ. ಗೆರೆಯ ಏರು ಅರ್ಧಕ್ಕರ್ಧ ಮಾಯ!

ಜಿಡಿಪಿಗೆ ಹೋಲಿಸಿದ ಶೇಕಡಾವಾರು ಹಾಕಿದರೆ ಸರಿಹೋದೀತು ಅಂದುಕೊಂಡರೆ ಅಲ್ಲಿ ಘಾನಾ ಕೈಕೊಟ್ಟಿತು. 2010ರಲ್ಲಿ ಅವರು ಜಿಡಿಪಿ ಲೆಕ್ಕದ ಮೂಲ ವರ್ಷ ಬದಲಾಯಿಸಿದಾಗ ಜಿಡಿಪಿ ಒಂದೇ ಏಟಿಗೆ ಶೇ 60ರಷ್ಟು ದೊಡ್ಡದಾಯಿತು. ಹಳೆಯ ವರದಿ ಒಂದು, ಹೊಸ ವರದಿ ಒಂದು ಸೇರಿಸಿ ಅಂಟಿಸಿದರೆ ಹೂಡಿಕೆ ಕುಸಿದು ಬಿದ್ದ ಹಾಗೆ ಕಾಣುತ್ತದೆ. ಬಿದ್ದಿರುವುದಿಲ್ಲ.

ಮೂರನೇ ದಿನ ಚಾರ್ಟ್ ಬದಿಗಿಟ್ಟು ಒಂದೇ ದೇಶ ಹಿಡಿದು ಕೂತೆ. ಅದೇ ಮೊಜಾಂಬಿಕ್. ಎಫ್‌ಡಿಐ ಅನ್ನುವ ಒಂದು ಅಂಕಿಯೊಳಗೆ ಏನೇನಿದೆ ಅಂತ ಬಿಚ್ಚಿ ನೋಡಬೇಕಿತ್ತು.

ಒಳಗೆ ಮೂರು ಬಗೆ ಇವೆ. ಶೇ 10 ಅಥವಾ ಅದಕ್ಕಿಂತ ಜಾಸ್ತಿ ಮತದ ಹಕ್ಕು ಇರುವ ಹೂಡಿಕೆದಾರ ಹಾಕಿದ ಷೇರು ಬಂಡವಾಳ ಒಂದು. ಹಂಚದೆ ಅಲ್ಲೇ ಉಳಿಸಿಕೊಂಡ ಲಾಭ ಎರಡು. ಮಾತೃ ಕಂಪನಿ ತನ್ನದೇ ಅಂಗಸಂಸ್ಥೆಗೆ ಕೊಟ್ಟ ಸಾಲ ಮೂರು. ಮೊಜಾಂಬಿಕ್‌ನ ಗ್ಯಾಸ್ ವರ್ಷಗಳಲ್ಲಿ ಈ ಮೂರನೆಯದೇ ದೊಡ್ಡ ಪಾಲು. ಅಂದರೆ ಸಾಲದಲ್ಲಿ ಮುಳುಗಿದ ದೇಶಕ್ಕೆ ಬಂತು ಅಂತ ನಾವು ಸಂಭ್ರಮಿಸುವ ‘ಹೂಡಿಕೆ’ಯೂ ಬಹುಪಾಲು ಸಾಲವೇ. ದೇಶದ ಒಟ್ಟು ವಿದೇಶಿ ಸಾಲದ ಪಟ್ಟಿ ತೆಗೆದರೆ ಖಾಸಗಿ ಸಾಲದ ಕೆಳಗೆ ಇದೇ ದುಡ್ಡು ಮತ್ತೆ ಕೂತಿರುತ್ತದೆ. ನಾನು ಇದನ್ನು ಒಂದು ಕಡೆ ಒಳ್ಳೆಯದು ಅಂತಲೂ ಇನ್ನೊಂದು ಕಡೆ ಕೆಟ್ಟದ್ದು ಅಂತಲೂ ಎಣಿಸಿದ್ದೆ. ಅಂಗಸಂಸ್ಥೆ ಆ ಸಾಲ ತೀರಿಸಲು ಶುರು ಮಾಡಿದಾಗ ಎಫ್‌ಡಿಐ ಇಳಿಯುತ್ತದೆ, ಕೆಲವೊಮ್ಮೆ ಮೈನಸ್‌ಗೂ ಹೋಗುತ್ತದೆ. ಅದು ಯಾರೋ ಹೆದರಿ ಓಡಿಹೋದದ್ದಲ್ಲ. ಕಂತು ಕಟ್ಟಿದ್ದು.

ಇನ್ನೊಂದು ಸಂಗತಿಗೆ ನಮ್ಮ ನಂಟಿದೆ. ಉತ್ತರದ ರೊವುಮಾ ಕೊಳ್ಳದ ಏರಿಯಾ 1 ಅನ್ನುವ ಗ್ಯಾಸ್ ಬ್ಲಾಕ್‌ನಲ್ಲಿ ಭಾರತದ ಮೂರು ಸರಕಾರಿ ಕಂಪನಿಗಳಿಗೆ ಸೇರಿ ಶೇ 30 ಪಾಲಿದೆ. ಅದರಲ್ಲಿ ಶೇ 10ನ್ನು ಒಎನ್‌ಜಿಸಿ ವಿದೇಶ್ 2014ರ ಆರಂಭದಲ್ಲಿ ಅಮೆರಿಕದ ಅನಡಾರ್ಕೊದಿಂದ 264 ಕೋಟಿ ಡಾಲರ್ ಕೊಟ್ಟು ಕೊಂಡಿತು. ಇಷ್ಟು ದೊಡ್ಡ ಮೊತ್ತ ಮೊಜಾಂಬಿಕ್‌ನ 2014ರ ಅಂಕಿಯಲ್ಲಿ ಎದ್ದು ಕಾಣಬೇಕು ಅಂತ ಹುಡುಕಿದೆ. ಬದಲಿಗೆ 2013ಕ್ಕಿಂತ ಅಂಕಿ ಇಳಿದಿತ್ತು. ನಮ್ಮ ದುಡ್ಡು ಎಲ್ಲಿ ಹೋಯಿತು?

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೇ ಹೇಳುತ್ತಿದ್ದೆ. ಅಪ್ಪ ನಕ್ಕರು. “ನಮ್ಮ ಬಡಾವಣೆಯ ಮೂಲೆ ಸೈಟು ದುಬೈನಲ್ಲಿರೋರು ಪುಣೆಯೋರಿಗೆ ಮಾರಿದ್ರಲ್ಲ, ಊರಿಗೇನು ಬಂತೋ? ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಸ್ಟ್ಯಾಂಪ್ ಡ್ಯೂಟಿ ಬಂತು. ಸೈಟಲ್ಲಿ ಇನ್ನೂ ಪಾರ್ಥೇನಿಯಂ ಬೆಳ್ಕೊಂಡಿದೆ.”

ಅಷ್ಟೇ ವಿಷಯ. ಹೊರಗಿನವರೊಬ್ಬರು ಹೊರಗಿನ ಇನ್ನೊಬ್ಬರಿಗೆ ಮಾರಿದರು. ದುಡ್ಡು ಹೋದದ್ದು ಅಮೆರಿಕಕ್ಕೆ. ಮೊಜಾಂಬಿಕ್ ಲೆಕ್ಕದಲ್ಲಿ ಅಮೆರಿಕದ ಹೆಸರಿಂದ ಕಳೆದು ಭಾರತದ ಹೆಸರಿಗೆ ಕೂಡಿಸಿದರೆ ನಿವ್ವಳ ಸೊನ್ನೆ. ಅವರಿಗೆ ಸ್ಟ್ಯಾಂಪ್ ಡ್ಯೂಟಿ ಥರ ಸಿಕ್ಕಿದ್ದು ಇಂಥ ಮಾರಾಟಗಳ ಲಾಭದ ಮೇಲಿನ ತೆರಿಗೆ. ಪಕ್ಕದ ಏರಿಯಾ 4ರಲ್ಲಿ ಇಟಲಿಯ ಎನಿ ಕಂಪನಿ ಚೀನಾದವರಿಗೆ ಪಾಲು ಮಾರಿದಾಗ 40 ಕೋಟಿ ಡಾಲರ್ ತೆರಿಗೆ ಕಟ್ಟಲು ಒಪ್ಪಿತು. ಅದು ನಿಜವಾದ ದುಡ್ಡು, ಆದರೆ ಎಫ್‌ಡಿಐ ಕಾಲಂನಲ್ಲಿ ಸಿಗುವುದಿಲ್ಲ.

ಏರ್‌ಟೆಲ್ ಉದಾಹರಣೆ ಇನ್ನೂ ಮಜಾ. 2010ರಲ್ಲಿ ಅದು ಕುವೈತಿನ ಜೈನ್ ಕಂಪನಿಯ ಆಫ್ರಿಕಾ ವ್ಯವಹಾರವನ್ನು 1,070 ಕೋಟಿ ಡಾಲರ್‌ಗೆ ಕೊಂಡಿತು. 15 ದೇಶ. ಕೂತು ಎಣಿಸಿದೆ. ಕೆನ್ಯಾ, ನೈಜೀರಿಯಾ, ಗ್ಯಾಬೊನ್ ಬಿಟ್ಟರೆ ಉಳಿದ ಹನ್ನೆರಡೂ ಎಚ್‌ಐಪಿಸಿ ಪಟ್ಟಿಯವು. ಆದರೆ ಮಾರಾಟವಾದದ್ದು ನೆದರ್ಲೆಂಡ್ಸ್‌ನಲ್ಲಿ ನೋಂದಣಿಯಾದ ಕಂಪನಿ, ಕೊಂಡದ್ದೂ ಏರ್‌ಟೆಲ್‌ನ ನೆದರ್ಲೆಂಡ್ಸ್ ಕಂಪನಿ. ನೈಜರ್‌ನ, ಚಾಡ್‌ನ ಜನರ ಮೊಬೈಲ್ ಮೇಲೆ ಹೆಸರು ಬದಲಾಯಿತು, ಆ ಮಾರಾಟದ ದುಡ್ಡು ಆ ದೇಶಗಳನ್ನು ಮುಟ್ಟಲೇ ಇಲ್ಲ. ಆಮೇಲೆ ಟವರ್ ಹಾಕಲು ಬಂದದ್ದು ಬೇರೆ ಲೆಕ್ಕ. ‘ಯಾವ ದೇಶದಿಂದ ಬಂತು’ ಅನ್ನುವ ಕಾಲಂ ನೋಡಿ ನೆದರ್ಲೆಂಡ್ಸ್, ಮಾರಿಷಸ್ ಅಂತ ಇದ್ದರೆ ನಾನು ಈಗ ಅದನ್ನು ಪೋಸ್ಟ್ ಆಫೀಸಿನ ಮುದ್ರೆ ಅಂತ ಓದುತ್ತೇನೆ, ಬರೆದವರ ವಿಳಾಸ ಅಂತ ಅಲ್ಲ.

ಅಷ್ಟೆಲ್ಲ ಕಳೆದರೂ ಮೊಜಾಂಬಿಕ್‌ಗೆ ನಿಜವಾಗಿ ಬಂದದ್ದೂ ಇದೆ. ರಾಜಧಾನಿ ಮಪುಟೊ ಹತ್ತಿರದ ಮೊಜಾಲ್ ಅಲ್ಯೂಮಿನಿಯಂ ಕಾರ್ಖಾನೆ. ಮೊದಲ ಹಂತಕ್ಕೇ ಸುಮಾರು 130 ಕೋಟಿ ಡಾಲರ್. ಇಡೀ ದೇಶದ ಜಿಡಿಪಿಯೇ ಆಗ ಅದರ ನಾಲ್ಕು ಪಟ್ಟಿನ ಆಸುಪಾಸು. ಕಚ್ಚಾ ಮಾಲು ಆಸ್ಟ್ರೇಲಿಯಾದಿಂದ, ಕರೆಂಟು ದಕ್ಷಿಣ ಆಫ್ರಿಕಾದ ಎಸ್ಕಾಮ್‌ನಿಂದ, ತಯಾರಾದ ಅಲ್ಯೂಮಿನಿಯಂ ಹೆಚ್ಚಾಗಿ ಯುರೋಪಿಗೆ. ಕಾರ್ಖಾನೆಗೆ ಬಿದ್ದ ಮುಖ್ಯ ತೆರಿಗೆ ವಹಿವಾಟಿನ ಮೇಲೆ ಶೇ 1. ನೇರ ಕೆಲಸ ಸಾವಿರ ಚಿಲ್ಲರೆ ಜನಕ್ಕೆ. ತಮಾಷೆ ಅಂದರೆ ಮೊಜಾಂಬಿಕ್‌ನದ್ದೇ ಕಹೋರಾ ಬಾಸ್ಸಾ ಅಣೆಕಟ್ಟಿನ ಕರೆಂಟು ತಂತಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಿತ್ತು, ಮೊಜಾಲ್‌ಗೆ ಕರೆಂಟು ದಕ್ಷಿಣ ಆಫ್ರಿಕಾದಿಂದ ಬರುತ್ತಿತ್ತು.

ನನ್ನ ಕಣ್ಣು ನಿಂತದ್ದು ತಾರೀಖಿನ ಮೇಲೆ. ಮೊಜಾಲ್ ಕಟ್ಟಲು ಶುರುವಾದದ್ದು 1998ರಲ್ಲಿ, ಉತ್ಪಾದನೆ 2000ದಲ್ಲಿ. ಹೆಚ್ಚುವರಿ ಸಾಲ ಮನ್ನಾ ಪೂರ್ತಿಯಾದದ್ದು 2001ರಲ್ಲಿ. ದೇಶ ಕಂಡ ಅತಿ ದೊಡ್ಡ ಕಾರ್ಖಾನೆ ಮನ್ನಾ ಮುಗಿಯುವವರೆಗೆ ಕಾಯಲಿಲ್ಲ.

ಒಂದು ಸಲ ಅಂದರೆ ಆಕಸ್ಮಿಕ ಅನ್ನಬಹುದು. ಆದರೆ 2016ರಲ್ಲಿ ಮೊಜಾಂಬಿಕ್ ಸರಕಾರ ಸಂಸತ್ತಿಗೂ ಹೇಳದೆ ಗ್ಯಾರಂಟಿ ಕೊಟ್ಟಿದ್ದ ಗುಪ್ತ ಸಾಲಗಳು ಬಯಲಾದವು. ಐಎಂಎಫ್ ನೆರವು ನಿಲ್ಲಿಸಿತು. 2017ರ ಜನವರಿಯಲ್ಲಿ ಸರಕಾರ ಬಾಂಡ್ ಬಡ್ಡಿ ಕಟ್ಟದೆ ಡಿಫಾಲ್ಟ್ ಆಯಿತು. ಅದೇ ವರ್ಷ ಜೂನ್‌ನಲ್ಲಿ ಎನಿ ಮತ್ತು ಜೊತೆಗಾರರು ಕೋರಲ್ ಸೌತ್ ಗ್ಯಾಸ್ ಯೋಜನೆಗೆ ಅಂತಿಮ ಒಪ್ಪಿಗೆ ಕೊಟ್ಟರು. 2019ರ ಜೂನ್‌ನಲ್ಲಿ ಏರಿಯಾ 1ಕ್ಕೂ ಒಪ್ಪಿಗೆ ಸಿಕ್ಕಿತು. ಬಾಂಡ್ ಸಾಲದ ರಾಜಿ ಆಗಿನ್ನೂ ಮುಗಿದಿರಲಿಲ್ಲ. ಸಮುದ್ರದಲ್ಲಿ ಗ್ಯಾಸ್ ತೆಗೆದು ಅಲ್ಲೇ ಹಡಗಿಗೆ ತುಂಬಿ ಡಾಲರ್‌ಗೆ ಮಾರುವವರಿಗೆ ಸರಕಾರದ ಬಾಕಿ ಅಷ್ಟಾಗಿ ಮುಟ್ಟುವುದಿಲ್ಲ. ಮುಟ್ಟುವುದು ಊರೊಳಗೆ ಬಿಸ್ಕತ್ತು ಕಾರ್ಖಾನೆ ಹಾಕಿ ಅಲ್ಲಿನ ಜನಕ್ಕೆ ಅಲ್ಲಿನ ದುಡ್ಡಿಗೆ ಮಾರುವವರಿಗೆ. ಅಂಥವರ ಹೂಡಿಕೆ ಚಿಕ್ಕದು, ಕೂಡಿಸಿದ ಅಂಕಿಯಲ್ಲಿ ಬುರುಂಡಿ ಥರವೇ ಕಾಣುವುದಿಲ್ಲ. ಸಾಲ ಮನ್ನಾದಿಂದ ಪ್ರಯೋಜನ ಆಗಿದ್ದರೆ ಅವರಿಗೇ ಆಗಿರಬೇಕು ಅನ್ನುವುದು ನನ್ನ ಅನಿಸಿಕೆ, ಆದರೆ ನನ್ನ ಶೀಟ್ ಅದನ್ನು ಹಿಡಿಯುವಷ್ಟು ಚೂಪಾಗಿರಲಿಲ್ಲ.

ನಾಲ್ಕನೇ ದಿನ ನೋಟ್ ಬರೆದೆ. ‘ಹೌದು’ ಅಂತ ಬರೆಯಲಿಲ್ಲ. ಗಣಿ, ಗ್ಯಾಸ್ ಇರುವ ದೇಶ ಬೇರೆ, ಇಲ್ಲದ ದೇಶ ಬೇರೆ ಮಾಡಿದೆ. ಒಂದೇ ಯೋಜನೆ ವರ್ಷದ ಅರ್ಧಕ್ಕಿಂತ ಜಾಸ್ತಿ ಹೂಡಿಕೆ ಆಗಿದ್ದಲ್ಲಿ ಆ ಯೋಜನೆಯ ಹೆಸರನ್ನೇ ಅಂಕಿಯ ಪಕ್ಕ ಬರೆದೆ. ಜಾಂಬಿಯಾ ಬಗ್ಗೆ ಒಂದು ಪ್ಯಾರಾ ಸೇರಿಸಿದೆ. 2005ರಲ್ಲಿ ಮನ್ನಾ ಆದ ದೇಶ 2012ರಿಂದ 2015ರೊಳಗೆ ಮೂರು ಸಲ ಡಾಲರ್ ಬಾಂಡ್ ಮಾರಿ 300 ಕೋಟಿ ಸಾಲ ಎತ್ತಿತು, 2020ರ ನವೆಂಬರ್‌ನಲ್ಲಿ ಬಡ್ಡಿ ಕಟ್ಟಲಾಗದೆ ನಿಂತಿತು. ಹೂಡಿಕೆ ಬಂದದ್ದನ್ನು ನೋಡಿಯೇ ಬಾಂಡ್ ಕೊಂಡವರೂ ಧೈರ್ಯ ಮಾಡಿದ್ದರು.

ಕಾಲ್‌ನಲ್ಲಿ ಕ್ಲೈಂಟ್ ಸ್ವಲ್ಪ ಬೇಜಾರಾದರು. ಇಷ್ಟೆಲ್ಲ ಬೇಡ, ಹೊಳೆಯುವ ಹಾಗೆ ಒಂದೇ ಚಾರ್ಟ್ ಕೊಡಿ ಅಂದರು. ಮೊದಲ ದಿನದ ಚೆಂದದ ಗೆರೆ ಇನ್ನೂ ಫೋಲ್ಡರ್‌ನಲ್ಲಿತ್ತು. ನಾನು ಮೇಡಂ ಮುಖ ನೋಡಿದೆ. ಅವರು ಮೈಕ್ ಮ್ಯೂಟ್ ಮಾಡಿ, “ಆ ಹಡಗಿಂದು ಕಳಿಸಿ” ಅಂದರು.

ಆ ಹಡಗು ಅಂದರೆ ಕೋರಲ್ ಸೌತ್ ಯೋಜನೆಯ ಕೋರಲ್ ಸುಲ್. ದಕ್ಷಿಣ ಕೊರಿಯಾದಲ್ಲಿ ಕಟ್ಟಿದ 432 ಮೀಟರ್ ಉದ್ದದ ತೇಲುವ ಗ್ಯಾಸ್ ಕಾರ್ಖಾನೆ. 2022ರ ಜನವರಿಯಲ್ಲಿ ಎಳೆದು ತಂದು ಮೊಜಾಂಬಿಕ್ ನೀರಿನಲ್ಲಿ ನಿಲ್ಲಿಸಿದರು. ಚಾರ್ಟ್‌ನಲ್ಲಿ ಎರಡೇ ಕಂಬ ಹಾಕಿದ್ದೆ. ಆ ವರ್ಷ ಒಂದು ಕಡೆ ಬಂಡವಾಳ ಬಂದ ಲೆಕ್ಕ, ಇನ್ನೊಂದು ಕಡೆ ಆಮದಿನ ಲೆಕ್ಕ. ಎರಡೂ ಕಂಬದೊಳಗೆ ಕೂತಿದ್ದದ್ದು ಅದೇ ಹಡಗು.