ಅಪ್ಲೈಡ್ ಮೆಟೀರಿಯಲ್ಸ್ ಬಿದ್ದಾಗ ನಾನು ಕೊಂಡಿದ್ದು ಯಾವ ಲೆಕ್ಕದ ಮೇಲೆ

ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಕಂಪನಿಗಳ ಷೇರನ್ನು ತ್ರೈಮಾಸಿಕ ಫಲಿತಾಂಶಕ್ಕೆ ಮೊದಲು ಕೊಳ್ಳುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಫಲಿತಾಂಶ ಬರಬೇಕು, ಷೇರು ಬೀಳಬೇಕು, ಯಾಕೆ ಬಿತ್ತು ಅಂತ ಕಾಗದದ ಮೇಲೆ ಬಿಡಿಸಿ ನೋಡಬೇಕು. ಕಾರಣ ನನ್ನ ಲೆಕ್ಕಕ್ಕೆ ಕೂತರೆ ಮಾತ್ರ ಕೊಳ್ಳುವುದು. ಈ ಪದ್ಧತಿ ಗಟ್ಟಿಯಾಗಿ ಫಲ ಕೊಟ್ಟಿದ್ದು 2025ರ ಆಗಸ್ಟ್‌ನಲ್ಲಿ, ಇಂಥ ಯಂತ್ರ ಮಾಡುವ ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್ ಒಂದೇ ದಿನ ಶೇ. 14ರಷ್ಟು ಬಿದ್ದಾಗ.

ಅದಕ್ಕೆ ಮೊದಲು ನಂಬಿದವರು ಕಡಿಮೆ. ಶಿರಸಿ ಕಡೆ ಅಡಿಕೆ ದುಡ್ಡು ಹೋಗುವ ದಾರಿ ಎಲ್ಲರಿಗೂ ಗೊತ್ತು. ಸೊಸೈಟಿಯಲ್ಲಿ ಠೇವಣಿ, ಸ್ವಲ್ಪ ಬಂಗಾರ, ಈಚೆಗೆ ಮ್ಯೂಚುವಲ್ ಫಂಡ್. ನಮ್ಮ ಭಾವ ನೇರವಾಗಿಯೇ ಕೇಳಿದ್ದರು: "ಇಲ್ಲಿಯ ಫಂಡ್ ಸಾಕಾಗ್ತಿಲ್ಯಾ ನಿಂಗೆ? ಕಾಣದ ದೇಶದ ಕಂಪನಿ ಎಂತಕ್ಕೆ ಬೇಕು?" ಹುಬ್ಬಳ್ಳಿಯ ಲೆಕ್ಕಪರಿಶೋಧಕರಂತೂ ರಿಟರ್ನ್ ತುಂಬುವ ಕಷ್ಟ ಹೇಳಿಯೇ ಹೆದರಿಸಿದ್ದರು. ಈಗ ಇಬ್ಬರೂ ನನ್ನ ಲೆಕ್ಕದ ಶೀಟ್ ಕೇಳುತ್ತಿದ್ದಾರೆ.

ಖಾತೆ ತೆರೆಯುವುದು, ಎಲ್‌ಆರ್‌ಎಸ್‌ನಲ್ಲಿ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿಕೊಟ್ಟ ದಾರಿ) ಹಣ ಕಳಿಸುವುದು, ಕಂಪನಿಯ ವರದಿ ಎಲ್ಲಿ ಸಿಗುತ್ತದೆ, ಇದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡು ಬರೆಯುತ್ತೇನೆ. ಅಂಕಿಗಳು ಹೆಚ್ಚಿನವು ನೆನಪಿನವು. ಒಂದಿಷ್ಟು ಆಚೀಚೆ ಇರಬಹುದು.

ಮೊದಲು ಎಲ್ಲರಂತೆ ನಾನೂ ಹಿಡಿದದ್ದು ಗಳಿಕೆಯ ದಾರಿ. ನಿರೀಕ್ಷೆಗಿಂತ ಆದಾಯ ಹೆಚ್ಚು ಬಂದರೆ ಷೇರು ಏರುತ್ತದೆ ಅನ್ನುವುದು. ಈ ವಲಯದಲ್ಲಿ ಅದು ನಡೆಯುವುದೇ ಇಲ್ಲ. 2024ರ ಅಕ್ಟೋಬರ್ ನೋಡಿ. ಚಿಪ್ ಯಂತ್ರ ಮಾಡುವ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಫಲಿತಾಂಶ ಬುಧವಾರ ಬರಬೇಕಿತ್ತು. ತಾಂತ್ರಿಕ ತಪ್ಪಿನಿಂದ ಮಂಗಳವಾರವೇ ವೆಬ್‌ಸೈಟಿಗೆ ಬಂದುಬಿಟ್ಟಿತು. ಮಾರಾಟ ಸುಮಾರು 7.5 ಬಿಲಿಯನ್ ಯೂರೋ, ನಿರೀಕ್ಷೆಗಿಂತ ಮೇಲೇ. ಆದರೆ ಹೊಸ ಆರ್ಡರ್ ಬರೀ 2.6 ಬಿಲಿಯನ್. ಮಾರುಕಟ್ಟೆ ಕಾಯುತ್ತಿದ್ದದ್ದು ಐದರ ಮೇಲೆ. 2025ರ ಮಾರಾಟದ ಅಂದಾಜನ್ನೂ ಇಳಿಸಿ, 30 ಮತ್ತು 35 ಬಿಲಿಯನ್ ನಡುವೆ ಎಂದರು. ಷೇರು ಒಂದೇ ದಿನ ಶೇ. 16ರಷ್ಟು ಕುಸಿಯಿತು.

ಅಂಗಳದಲ್ಲಿ ಒಣಗುತ್ತಿರುವ ಚಾಲಿ ನೋಡಿ ಮುಂದಿನ ವರ್ಷದ ಫಸಲು ಹೇಳುವವರು ನಮ್ಮಲ್ಲಿ ಯಾರೂ ಇಲ್ಲ, ಹಿಂಗಾರ (ಅಡಿಕೆಯ ಹೂಗೊನೆ) ನೋಡಿ ಹೇಳುತ್ತೇವೆ. ಇಲ್ಲಿ ಆದಾಯ ಅಂದರೆ ಚಾಲಿ, ಆರ್ಡರ್ ಅಂದರೆ ಹಿಂಗಾರ.

ಹಾಗಂತ ಆರ್ಡರ್ ಅಂಕಿ ಹಿಡಿದು ಕೂತರೂ ಆಗಲಿಲ್ಲ. ಅದು ಸಿಕ್ಕಾಪಟ್ಟೆ ಕುಣಿಯುತ್ತದೆ. 2024ರಲ್ಲಿ ಎಎಸ್‌ಎಂಎಲ್‌ನ ನಾಲ್ಕು ತ್ರೈಮಾಸಿಕದ ಆರ್ಡರ್ 3.6, 5.6, 2.6, 7.1 ಬಿಲಿಯನ್. ಚಿಪ್ ಮೇಲೆ ಅತಿ ಸಣ್ಣ ಗೆರೆ ಮೂಡಿಸುವ ಒಂದು ಇಯುವಿ ಯಂತ್ರಕ್ಕೇ 200 ಮಿಲಿಯನ್ ಯೂರೋ ಆಸುಪಾಸು, ಹೊಸ ಹೈ-ಎನ್‌ಎ ಯಂತ್ರಕ್ಕೆ 350 ಮಿಲಿಯನ್. ಗ್ರಾಹಕ ಸಹಿ ಹಾಕುವುದು ಎರಡು ವಾರ ತಡವಾದರೆ ಇಡೀ ತ್ರೈಮಾಸಿಕ ಬರಗಾಲದ ಹಾಗೆ ಕಾಣುತ್ತದೆ. ಆದಾಯದ ಲೆಕ್ಕದಲ್ಲೂ ಇದೇ ಆಟ. ಕಾರ್ಖಾನೆಯ ಪರೀಕ್ಷೆ ಮುಗಿಸದೆ ಯಂತ್ರ ಬೇಗ ಕಳಿಸಿದರೆ, ಗ್ರಾಹಕರು ತಮ್ಮಲ್ಲಿ ಕೂರಿಸಿ ಒಪ್ಪಿದ ಮೇಲೆಯೇ ಅದು ಆದಾಯ ಆಗುತ್ತದೆ. ಯಂತ್ರ ಹೋಗಿರುತ್ತದೆ, ಆದಾಯ ಮುಂದಿನ ತ್ರೈಮಾಸಿಕಕ್ಕೆ. ಹಾಗಾಗಿ ನಾನು ನಾಲ್ಕು ತ್ರೈಮಾಸಿಕ ಕೂಡಿಸಿಯೇ ನೋಡುವುದು. 2024ಕ್ಕೆ ಅದು ಸುಮಾರು 19 ಬಿಲಿಯನ್. ಆ ವರ್ಷದ ಮಾರಾಟ 28 ಬಿಲಿಯನ್ ಮೇಲೆ. ಬಂದ ಆರ್ಡರ್ ಮಾರಾಟಕ್ಕಿಂತ ಕಡಿಮೆ ಹೌದು, ಆದರೆ ಕೈಯಲ್ಲಿದ್ದ ಹಳೇ ಆರ್ಡರ್ 36 ಬಿಲಿಯನ್. ಇಷ್ಟು ಒಟ್ಟಿಗೆ ಇಟ್ಟು ನೋಡಿದರೆ ಅಕ್ಟೋಬರ್‌ನ ಗಾಬರಿ ಜಾಸ್ತಿಯಾಯಿತು ಅಂತ ಕಾಣುತ್ತದೆ.

ಇನ್ನೊಂದು ದಾರಿ ಟಿಎಸ್‌ಎಂಸಿಯದು. ಅದು ತೈವಾನಿನ ಚಿಪ್ ತಯಾರಕ, ಈ ಯಂತ್ರಗಳ ದೊಡ್ಡ ಗ್ರಾಹಕ. ಟಿಎಸ್‌ಎಂಸಿ ಬಂಡವಾಳ ವೆಚ್ಚ ಹೆಚ್ಚಿಸಿದರೆ ಯಂತ್ರದ ಕಂಪನಿಗಳಿಗೆ ಒಳ್ಳೆಯದು ಎಂದು ಅವುಗಳ ಫಲಿತಾಂಶದ ಮೊದಲೇ ತುಂಬಿಕೊಳ್ಳುವುದು. ತರ್ಕ ಸರಿ, ಸಮಯ ಸರಿಯಲ್ಲ. ಆ ಖುಷಿ ಅಷ್ಟರಲ್ಲೇ ಬೆಲೆಯೊಳಗೆ ಸೇರಿರುತ್ತದೆ. 2025ರ ಜುಲೈನಲ್ಲಿ ಎಎಸ್‌ಎಂಎಲ್ ಆರ್ಡರ್ 5.5 ಬಿಲಿಯನ್, ಚೆನ್ನಾಗಿಯೇ ಇತ್ತು. ಆದರೆ 2026ರಲ್ಲಿ ಬೆಳವಣಿಗೆ ಆಗುತ್ತದೆ ಎಂದು ಈಗಲೇ ಖಚಿತವಾಗಿ ಹೇಳಲಾಗದು ಎಂಬ ಒಂದು ಮಾತಿಗೆ ಷೇರು ಶೇ. 11ರಷ್ಟು ಬಿತ್ತು. ಒಳ್ಳೆಯ ಫಲಿತಾಂಶ ಇದ್ದೂ ಬೀಳುವ ಷೇರನ್ನು ಹಿಂದಿನ ದಿನ ಕೊಂಡು ಏನು ಪ್ರಯೋಜನ? ಈ ದಾರಿಗಳಲ್ಲಿ ನನ್ನ ಒಂದು ಲಕ್ಷದ ಹತ್ತಿರ ಕರಗಿದೆ.

ಕೊನೆಗೆ ಕೈಗೆ ಹತ್ತಿದ್ದು ಫಲಿತಾಂಶ ಬರುವ ಸರದಿ. ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಮೊದಲು ಎಎಸ್‌ಎಂಎಲ್, ತಿಂಗಳ ಮಧ್ಯದ ಬುಧವಾರ. ಸಾಮಾನ್ಯವಾಗಿ ಮರುದಿನವೇ ಟಿಎಸ್‌ಎಂಸಿ. ತಿಂಗಳ ಕೊನೆಗೆ ಅಮೆರಿಕದ ಯಂತ್ರ ಕಂಪನಿಗಳಾದ ಲ್ಯಾಮ್ ರಿಸರ್ಚ್ ಮತ್ತು ಕೆಎಲ್‌ಎ. ಅಪ್ಲೈಡ್ ಮಾತ್ರ ಬೇರೆ. ಅದರ ಲೆಕ್ಕದ ವರ್ಷ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ, ಫಲಿತಾಂಶ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಮಧ್ಯದಲ್ಲಿ. ಅಂದರೆ ಅಪ್ಲೈಡ್ ಬಾಯಿ ಬಿಡುವ ಹೊತ್ತಿಗೆ ಅದರ ಗ್ರಾಹಕರೂ ಜೊತೆಗಾರ ಕಂಪನಿಗಳೂ ಮಾತಾಡಿ ಮುಗಿಸಿರುತ್ತಾರೆ. ಅಪ್ಲೈಡ್ ಏನಾದರೂ ಕೆಟ್ಟದ್ದು ಹೇಳಿದರೆ, ಅದು ಇಡೀ ವಲಯದ ಕಾಯಿಲೆಯೋ ಇವರೊಬ್ಬರದೋ ಅಂತ ತಾಳೆ ನೋಡಲು ಸಾಮಗ್ರಿ ಮೇಜಿನ ಮೇಲೇ ಇರುತ್ತದೆ. ನನ್ನ ಪದ್ಧತಿ ನಿಂತಿರುವುದು ಇದರ ಮೇಲೆ.

ಈಗ ಆಗಸ್ಟ್ ಕಥೆ. ಅಲ್ಲಿ 14ರ ಸಂಜೆ ಅಂದರೆ ನಮಗೆ 15ರ ಬೆಳಗಿನ ಜಾವ ಒಂದೂವರೆ. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟ್ ಇಲ್ಲ, ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್. ಮುಗಿದ ತ್ರೈಮಾಸಿಕದ ಆದಾಯ 7.3 ಬಿಲಿಯನ್ ಡಾಲರ್, ದಾಖಲೆ. ಮುಂದಿನದಕ್ಕೆ ಗೈಡೆನ್ಸ್, ಅಂದರೆ ಕಂಪನಿಯದೇ ಅಂದಾಜು, 6.7. ನಿರೀಕ್ಷೆ 7.3ರ ಹತ್ತಿರ ಇತ್ತು. ಎರಡು ಗಂಟೆಗೆ ಶುರುವಾದ ಕಾಲ್‌ನಲ್ಲಿ (ಕಂಪನಿಯವರು ಫಲಿತಾಂಶ ವಿವರಿಸಿ ಪ್ರಶ್ನೆಗೆ ಉತ್ತರಿಸುವ ಫೋನ್ ಸಭೆ) ನಾನು ಕಾಯುತ್ತಿದ್ದದ್ದು ಒಂದೇ ಅಂಕಿಗೆ, ಚೀನಾದ ಪಾಲು ಎಷ್ಟು ಅಂತ. ಮುಗಿದ ತ್ರೈಮಾಸಿಕದಲ್ಲಿ ಶೇ. 35 ಆಸುಪಾಸು, ಮುಂದಿನದರಲ್ಲಿ ಶೇ. 29 ಆಗಬಹುದು ಎಂದರು.

ಲೆಕ್ಕ ಇಷ್ಟೇ. 7.3ರಲ್ಲಿ ಶೇ. 35 ಅಂದರೆ ಸುಮಾರು 2.55. ಚೀನಾ ಬಿಟ್ಟು ಉಳಿದದ್ದು 4.75. ಮುಂದಿನ 6.7ರಲ್ಲಿ ಶೇ. 29 ಅಂದರೆ 1.95. ಉಳಿದದ್ದು ಮತ್ತೆ 4.75. ಅಂದರೆ ಕಡಿಮೆಯಾದ 0.6 ಬಿಲಿಯನ್ ಪೂರ್ತಿ ಚೀನಾದ್ದು. ಉಳಿದ ಜಗತ್ತು ಅಲ್ಲಾಡಿಲ್ಲ. ಒಳಗೆ ದೊಡ್ಡ ಗ್ರಾಹಕರ ಬೇಡಿಕೆಯಲ್ಲಿ ಏರುಪೇರು ಇದೆ ಎಂದು ಅವರೇ ಹೇಳಿದರು, ಆದರೆ ಮೊತ್ತ ಕುಗ್ಗಿರಲಿಲ್ಲ. ಚೀನಾದವರು ಹಿಂದಿನ ಎರಡು ವರ್ಷ ಯಂತ್ರ ತುಂಬಿಕೊಂಡಿದ್ದರು, ಈಗ ಅದನ್ನು ಬಳಸಿ ಮುಗಿಸುತ್ತಿದ್ದಾರೆ. ರಫ್ತು ಪರವಾನಗಿಗೆ ಅಪ್ಲೈಡ್ ಹಾಕಿದ ಅರ್ಜಿಗಳೂ ಅಮೆರಿಕದ ಸರ್ಕಾರದಲ್ಲಿ ಕೂತಿದ್ದವು, ಒಂದಕ್ಕೂ ಒಪ್ಪಿಗೆ ಸಿಗುವುದಿಲ್ಲ ಎಂದು ಹಿಡಿದೇ ಗೈಡೆನ್ಸ್ ಕೊಟ್ಟಿದ್ದರು. ಸೇವೆ ಮತ್ತು ಬಿಡಿಭಾಗದ ಆದಾಯ ತ್ರೈಮಾಸಿಕಕ್ಕೆ 1.6 ಬಿಲಿಯನ್, ಅದು ಹಾಗೇ ಬರುತ್ತಿತ್ತು. ಯಂತ್ರ ಮಾರದಿದ್ದರೂ ಹಳೇ ಯಂತ್ರ ನಡೆಯಬೇಕಲ್ಲ. ಟಿಎಸ್‌ಎಂಸಿ ತಿಂಗಳ ಹಿಂದೆಯೇ ವರ್ಷದ ವೆಚ್ಚ 38ರಿಂದ 42 ಬಿಲಿಯನ್ ಡಾಲರ್ ಎಂದು ಉಳಿಸಿಕೊಂಡಿತ್ತು. ಲ್ಯಾಮ್ ಕೂಡ ಮುಂದಿನ ತ್ರೈಮಾಸಿಕಕ್ಕೆ ಇಳಿಕೆ ಹೇಳಿರಲಿಲ್ಲ.

ಅವತ್ತು ರಾತ್ರಿ ಏಳಕ್ಕೆ ಮಾರುಕಟ್ಟೆ ತೆರೆಯಿತು. 188 ಡಾಲರ್ ಇದ್ದ ಷೇರು 162ರ ಹತ್ತಿರ ಮುಗಿಯಿತು. ವರ್ಷದ ಗಳಿಕೆ ಷೇರಿಗೆ 9 ಡಾಲರ್ ಮೇಲೆ. ಅಂದರೆ 17 ಪಟ್ಟು. ಈ ಗುಣಮಟ್ಟದ ಕಂಪನಿಗೆ ಅದು ಅಗ್ಗ.

ಮೊದಲ ದಿನ ಕೊಳ್ಳಲಿಲ್ಲ. ದೊಡ್ಡ ಫಂಡ್‌ಗಳು ಒಂದೇ ದಿನ ಮಾರಿ ಮುಗಿಸುವುದಿಲ್ಲ, ದಲ್ಲಾಳಿ ಸಂಸ್ಥೆಗಳ ಗುರಿ ಬೆಲೆ ಇಳಿಸುವ ವರದಿಗಳೂ ಒಂದೆರಡು ದಿನ ಬರುತ್ತಲೇ ಇರುತ್ತವೆ. ಎಷ್ಟನೇ ದಿನ ಎಷ್ಟು ಭಾಗ ಅನ್ನುವ ನನ್ನ ಕೋಷ್ಟಕ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಕ್ಷಮಿಸಿ. ಭಾವನಿಗೂ ಕೊಟ್ಟಿಲ್ಲ. ಸೆಪ್ಟೆಂಬರ್ ಮೊದಲ ವಾರದೊಳಗೆ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ ಹಾಕಿದ್ದೆ, ಸರಾಸರಿ 160ರ ಹತ್ತಿರ. ಡಿಸೆಂಬರ್‌ನಲ್ಲಿ ಷೇರು 250ರ ಮೇಲೆ ಇತ್ತು. ಅರ್ಧ ಮಾರಿದೆ. ಡಾಲರ್ 87-88ರಿಂದ 90ಕ್ಕೆ ಹೋಗಿದ್ದೂ ಸೇರಿ ಆ ಅರ್ಧದಲ್ಲೇ ಒಂದು ಲಕ್ಷ ನಲವತ್ತು ಸಾವಿರ ಚಿಲ್ಲರೆ ಲಾಭ. ಕರಗಿದ್ದೆಲ್ಲ ವಾಪಸ್ ಬಂತು, ಮೇಲೊಂದಿಷ್ಟು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ನಡುವೆ ಮಾಡಿದ ಕೆಲವು ಪ್ರಯೋಗ ಹೇಳಬೇಕು. ಒಂದು, ಆಪ್ಷನ್ ಬೆಲೆ ಓದುವುದು. ಆಪ್ಷನ್ ಅಂದರೆ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ (ಕಾಲ್) ಅಥವಾ ಮಾರುವ (ಪುಟ್) ಹಕ್ಕು. ಎಲ್‌ಆರ್‌ಎಸ್ ಹಣದಲ್ಲಿ ಮಾರ್ಜಿನ್ ವ್ಯವಹಾರಕ್ಕೆ ಅವಕಾಶ ಇಲ್ಲ, ಆದರೆ ಬೆಲೆ ನೋಡಲು ಯಾರ ಅಡ್ಡಿ? ಫಲಿತಾಂಶದ ವಾರ ಮುಗಿಯುವ, ಷೇರಿನ ಆಗಿನ ಬೆಲೆಗೆ ಹತ್ತಿರದ ಕಾಲ್, ಪುಟ್ ಆಪ್ಷನ್ ಎರಡರ ಬೆಲೆ ಕೂಡಿಸಿ ಷೇರು ಬೆಲೆಯಿಂದ ಭಾಗಿಸಿದರೆ ಮಾರುಕಟ್ಟೆ ಎಷ್ಟು ಏರಿಳಿತ ಕಾಯುತ್ತಿದೆ ಅಂತ ಗೊತ್ತಾಗುತ್ತದೆ. ಷೇರು ಅದಕ್ಕಿಂತ ತೀರಾ ಜಾಸ್ತಿ ಬಿದ್ದರೆ ಮಾತ್ರ ನಾನು ಕಾಗದ ಹಿಡಿಯುವುದು. ಇದು ಒಳ್ಳೆಯ ಜರಡಿ, ಈಗಲೂ ಬಳಸುತ್ತೇನೆ.

ಇನ್ನೊಂದು, ಫೋನ್ ಸಭೆಯ ಲಿಖಿತ ಪ್ರತಿಯಲ್ಲಿ ‘ಡೈಜೆಷನ್’ (ಕೊಂಡಿಟ್ಟ ಯಂತ್ರ ಅರಗಿಸಿಕೊಳ್ಳುವುದು) ಪದ ಎಷ್ಟು ಸಲ ಬಂತು ಅಂತ ಎಣಿಸುವುದು. ಹಳೆಯ ಪ್ರತಿಗಳನ್ನೆಲ್ಲ ಇಳಿಸಿಕೊಂಡು ಮಳೆಗಾಲದ ರಾತ್ರಿಗಳಲ್ಲಿ ಮಾಡಿದೆ. ಏನೂ ಹೊರಡಲಿಲ್ಲ. ಕಂಪನಿಯವರಿಗಿಂತ ಪ್ರಶ್ನೆ ಕೇಳುವವರೇ ಆ ಪದ ಜಾಸ್ತಿ ಬಳಸುತ್ತಾರೆ. ಜಪಾನಿನ ಯಂತ್ರ ತಯಾರಕರ ಸಂಘದ ಮಾಸಿಕ ಅಂಕಿಯೂ ನೋಡಿದೆ. ದಿಕ್ಕು ಹೇಳುತ್ತದೆ, ದಿನ ಹೇಳುವುದಿಲ್ಲ.

ತೆರಿಗೆಯದು ಎರಡು ಮಾತು, ಅಡಿಕೆಯವರಿಗೆ ಬೇಕಾದದ್ದು. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಸ್ಲ್ಯಾಬ್ ದರಕ್ಕೆ ಹೋಗುತ್ತದೆ, ಆಮೇಲೆ ಮಾರಿದರೆ ಶೇ. 12.5. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಉಳಿದ ಆದಾಯದ ದರ ಕಟ್ಟುವಾಗ ಅದನ್ನು ಸೇರಿಸುತ್ತಾರೆ. ತೋಟದ ಆದಾಯ ಚೆನ್ನಾಗಿದ್ದ ವರ್ಷ ಷೇರಿನ ಲಾಭಕ್ಕೆ ಹೊಡೆತ ಜಾಸ್ತಿ. ಹಾಗಾಗಿ ಅರ್ಧ ಇಟ್ಟುಕೊಂಡಿದ್ದು ಬರೀ ನಂಬಿಕೆಯಿಂದಲ್ಲ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬುವುದನ್ನು ಮಾತ್ರ ಯಾರೂ ಬಿಡಬೇಡಿ, ಅದು ಕ್ಯಾಲೆಂಡರ್ ವರ್ಷದ ಲೆಕ್ಕ. ಹಣ ಕಳಿಸುವುದು ವರ್ಷಕ್ಕೆ 10 ಲಕ್ಷ ದಾಟದಂತೆ ನೋಡಿಕೊಂಡರೆ ಶೇ. 20 ಟಿಸಿಎಸ್‌ನಲ್ಲಿ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ದುಡ್ಡು ಸಿಕ್ಕಿಬೀಳುವುದಿಲ್ಲ. ಬ್ಯಾಂಕ್ ಡಾಲರ್‌ಗೆ ಒಂದು ರೂಪಾಯಿ ಮೇಲೆ ಇಟ್ಟುಕೊಳ್ಳುತ್ತದೆ. ಚಿಕ್ಕ ಚಿಕ್ಕ ಮೊತ್ತ ಕಳಿಸಿದರೆ ಅದಕ್ಕೆ ಪ್ರತಿಸಲದ ಶುಲ್ಕವೂ ಸೇರುತ್ತದೆ. ನಾನು ಅಡಿಕೆ ಮಾರಿದ ಮೇಲೆ ಒಂದೇ ಸಲ ಕಳಿಸಿ ಡಾಲರ್‌ನಲ್ಲೇ ಇಟ್ಟು ಕಾಯುತ್ತೇನೆ.

ಈಗ ಹೊಸ ತೊಡಕು ಬಂದಿದೆ. ಎಎಸ್‌ಎಂಎಲ್ 2026ರಿಂದ ತ್ರೈಮಾಸಿಕ ಆರ್ಡರ್ ಅಂಕಿ ಕೊಡುವುದಿಲ್ಲ. ಕೊನೆಯದಾಗಿ 2026ರ ಜನವರಿಯಲ್ಲಿ ಕೊಟ್ಟದ್ದು 13 ಬಿಲಿಯನ್ ಯೂರೋ ಮೇಲೆ. ಆ ಕಾಲಂ ಖಾಲಿಯಾದದ್ದಕ್ಕೆ ನಾನು ಎರಡು ಅಂಕಿ ತುಂಬುತ್ತಿದ್ದೇನೆ. ಟಿಎಸ್‌ಎಂಸಿಯ ವೆಚ್ಚದ ಅಂದಾಜು ಒಂದು, 2026ಕ್ಕೆ ಅವರು ಜನವರಿಯಲ್ಲಿ ಹೇಳಿದ್ದು 52ರಿಂದ 56 ಬಿಲಿಯನ್ ಡಾಲರ್. ಗ್ರಾಹಕರು ಕೊಟ್ಟ ಮುಂಗಡ ಇನ್ನೊಂದು. ಲ್ಯಾಮ್ ತನ್ನ ಪ್ರಕಟಣೆಯಲ್ಲೇ ಮುಂದೂಡಿದ ಆದಾಯ (ಮುಂಗಡವೂ ಸೇರಿ ಇನ್ನೂ ಆದಾಯಕ್ಕೆ ಹಿಡಿಯದ ಮೊತ್ತ) ಎಷ್ಟು ಅಂತ ಹೇಳುತ್ತದೆ, ಉಳಿದವರದ್ದು ಆಸ್ತಿ-ಹೊಣೆ ಪಟ್ಟಿಯಲ್ಲಿ ಹುಡುಕಬೇಕು. ಮುಂಗಡ ಎರಡು ತ್ರೈಮಾಸಿಕ ಸತತ ಇಳಿದರೆ, ಚೀನಾ ಕಳೆದ ಮೇಲಿನ ಆದಾಯವೂ ಇಳಿದರೆ, ಷೇರು ಎಷ್ಟೇ ಬಿದ್ದಿರಲಿ ನಾನು ಕೈ ಹಾಕುವುದಿಲ್ಲ.